ಮೋಟಾರು ಬಾಗಿಲಿನ ಮೊಂಡುತನ

ಕಳೆದ ಮಳೆಗಾಲದಲ್ಲಿ ಮಿತ್ರರೊಬ್ಬರ ಹಳೆಯ ಕಾರಿನಲ್ಲಿ ನಾವು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಆ ಕಾರಿನ ಹಿಂಬದಿಯ ಎಡಬಾಗಿಲು ಒಂದೇ ಸಲಕ್ಕೆ ಮುಚ್ಚಿಕೊಳ್ಳುವ ಜಾತಿಯದಲ್ಲ. ಎರಡು ಸಲ, ಮೂರು ಸಲ ಎಳೆದು ಬಡಿದ ಮೇಲೆ, "ಸರಿ, ಈಗ ಕೂತಿತು" ಎಂದು ಮಿತ್ರರು ಸಮಾಧಾನಪಟ್ಟುಕೊಂಡರು. ಬಾಗಿಲು ತೆರೆದಿದೆಯೆಂದು ಸೂಚಿಸುವ ಕೆಂಪು ದೀಪ ಮಾತ್ರ ಚಾಲಕನ ಮುಂದಿನ ಫಲಕದಲ್ಲಿ ಉರಿಯುತ್ತಲೇ ಇದ್ದಿತು. ಕೇಳಿದರೆ, "ಅದು ಆರು ತಿಂಗಳಿಂದ ಹಾಗೆಯೇ ಇದೆ. ಸ್ವಿಚ್ಚು ಕೆಟ್ಟಿರಬೇಕು" ಎಂದರು. ಮಂಡಗದ್ದೆಯನ್ನು ದಾಟಿದ ಮೇಲೆ ರಸ್ತೆ ಬಲಕ್ಕೆ ಹೊರಳುವ ಒಂದೆಡೆಯಲ್ಲಿ, ಆ ಬಾಗಿಲಿಗೇ ಒರಗಿ ತೂಕಡಿಸುತ್ತಿದ್ದ ಅವರ ಏಳು ವರ್ಷದ ಮಗಳ ಭಾರವೆಲ್ಲ ಎಡಕ್ಕೆ ಬಿದ್ದಿತು. ಸೊಂಟದ ಪಟ್ಟಿಯನ್ನು ಯಾರೂ ಅವಳಿಗೆ ಬಿಗಿದಿರಲಿಲ್ಲ. ಬಾಗಿಲು ಕಿರುಬೆರಳಗಲ ಹೊರಕ್ಕೆ ಸರಿಯಿತು, ಗಡಗಡನೆ ಅಲುಗಾಡಿತು, ಹೊರಗಿನ ಮಳೆಗಾಳಿ ಸಂದಿನಿಂದ ಒಳನುಗ್ಗಿತು. ಆದರೆ ಬಾಗಿಲು ತೆರೆದುಕೊಳ್ಳಲಿಲ್ಲ. ಅಷ್ಟಕ್ಕೇ ನಿಂತಿತು.

ಕಾರನ್ನು ನಿಲ್ಲಿಸಿ, ಮಗುವನ್ನು ನಡುವಿಗೆ ಸರಿಸಿ ಕುಳ್ಳಿರಿಸಿದ ಬಳಿಕ ನನ್ನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಉಳಿದುವು. ಮೂರು ಸಲ ಬಡಿದರೂ ಆ ಬಾಗಿಲು ಸರಿಯಾಗಿ ಏಕೆ ಮುಚ್ಚಲಿಲ್ಲ? ಸರಿಯಾಗಿ ಮುಚ್ಚದೆ ಇದ್ದರೂ ಅದು ಪೂರ್ತಿಯಾಗಿ ಏಕೆ ತೆರೆದುಕೊಳ್ಳಲಿಲ್ಲ? ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಅದನ್ನೇ ಮೊದಲು ನೋಡೋಣ.

ವಾಚಕರು ಯಾವುದಾದರೊಂದು ಕಾರಿನ ಬಾಗಿಲನ್ನು ತೆರೆದು ಅದರ ಹೊರ ಅಂಚನ್ನು ಪರೀಕ್ಷಿಸಲಿ. ಅಲ್ಲಿ ಒಂದು ಸೀಳಿನೊಳಗೆ ಕವೆಯಂತೆ ಎರಡು ಕವಲುಗಳುಳ್ಳ ಉಕ್ಕಿನ ತುಂಡೊಂದು ಕಾಣುವುದು. ಅದಕ್ಕೆ ಎದುರಾಗಿ, ಕಾರಿನ ಕಂಬದ ಮೇಲೆ, ಬೆರಳು ಗಾತ್ರದ ಕಂಬಿಯನ್ನು ಬಾಗಿಸಿದಂತಿರುವ ಬಳೆಯೊಂದನ್ನು ತಿರುಪುಗಳಿಂದ ಬಿಗಿದಿರುತ್ತಾರೆ. ಗ್ಯಾರೇಜಿನವರು ಇದನ್ನು ಸ್ಟ್ರೈಕರ್ ಎಂದು ಕರೆಯುತ್ತಾರೆ. ಬಾಗಿಲು ಮುಚ್ಚುವಾಗ ಈ ಬಳೆ ಕವೆಯ ಬಾಯಿಯೊಳಕ್ಕೆ ನುಗ್ಗಿ ಅದನ್ನು ತಿರುಗಿಸುತ್ತದೆ. ತಿರುಗಿದ ಕವೆ ಬಳೆಯನ್ನು ಹಿಂದಿನಿಂದ ಅಪ್ಪಿಕೊಳ್ಳುತ್ತದೆ. ಆ ಕವೆ ಮತ್ತೆ ಹಿಂದಕ್ಕೆ ತಿರುಗದಂತೆ, ಸ್ಪ್ರಿಂಗಿನ ಬಲದಿಂದ ಒತ್ತಿ ನಿಲ್ಲುವ ಇನ್ನೊಂದು ತುಂಡು ಅದರ ಹಲ್ಲಿಗೆ ಅಡ್ಡಗಟ್ಟುತ್ತದೆ. ಇದನ್ನು ತಡೆಹಲ್ಲು ಎನ್ನೋಣ. ಬಾವಿಯ ರಾಟೆ ಹಿಮ್ಮೊಗವಾಗಿ ಸುತ್ತದಂತೆ ಕೆಲವೆಡೆ ಹಾಕುವ ತಡೆಗೋಲಿನ ಕೆಲಸವೇ ಇದರದೂ.

ಕವೆಯಲ್ಲಿ ಇಂಥ ಹಲ್ಲುಗಳು ಒಂದಲ್ಲ, ಎರಡು ಇರುತ್ತವೆ. ಬಾಗಿಲು ಮುಕ್ಕಾಲು ಪಾಲು ಒಳಬಂದಾಗ ತಡೆಹಲ್ಲು ಮೊದಲನೆಯದಕ್ಕೆ ಬೀಳುತ್ತದೆ: ಇದು ಅರೆ ಹಿಡಿತ. ಇನ್ನಷ್ಟು ಒಳಬಂದಾಗ ಎರಡನೆಯದಕ್ಕೆ ಬೀಳುತ್ತದೆ: ಇದು ಪೂರ್ಣ ಹಿಡಿತ. ಗಮನವಿಟ್ಟು ನಿಧಾನವಾಗಿ ಮುಚ್ಚಿದರೆ ಎರಡು ‘ಟಕ್’ ಸದ್ದುಗಳು ಬೇರೆಬೇರೆಯಾಗಿ ಕೇಳಿಸುತ್ತವೆ. ನಮ್ಮ ಮಿತ್ರರ ಬಾಗಿಲಿನಲ್ಲಿ ಆರು ತಿಂಗಳಿಂದಲೂ ಕೇಳಿಸುತ್ತಿದ್ದುದು ಒಂದೇ ‘ಟಕ್’. ಸ್ವಿಚ್ಚು ಕೆಟ್ಟಿರಲಿಲ್ಲ, ದೀಪ ಪ್ರತಿದಿನವೂ ನಿಜವನ್ನೇ ಹೇಳುತ್ತಿತ್ತು. ಆ ದಿನ ಮಗುವನ್ನು ಕಾಪಾಡಿದುದು ಅರೆ ಹಿಡಿತದ ಆ ಒಂದು ಹಲ್ಲು.

ಈ ಎರಡನೆಯ ಹಲ್ಲು ಮತ್ತು ಅಪ್ಪಿಕೊಳ್ಳುವ ಕವೆ ಮೋಟಾರು ಹುಟ್ಟಿದಂದಿನಿಂದ ಇದ್ದುವಲ್ಲ. ಹಿಂದಿನ ಕಾಲದ ಬೀಗಗಳು ಬಾಗಿಲನ್ನು ಹೊರಕ್ಕೆ ಹೋಗಗೊಡುತ್ತಿರಲಿಲ್ಲ, ನಿಜ. ಆದರೆ ಅಪಘಾತದಲ್ಲಿ ಕಾರಿನ ಒಡಲು ಉದ್ದಕ್ಕೆ ಎಳೆದಂತಾದಾಗ ಬೀಗದ ನಾಲಿಗೆಯೇ ತನ್ನ ಮನೆಯಿಂದ ಜಾರಿ ಈಚೆ ಬರುತ್ತಿತ್ತು; ಬಾಗಿಲು ಹಾರಿಕೊಳ್ಳುತ್ತಿತ್ತು; ಒಳಗಿದ್ದವರು ರಸ್ತೆಗೆ ಬೀಳುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಪಘಾತಗಳ ವರದಿಗಳನ್ನು ಕಲೆಹಾಕಿ, ಹೀಗೆ ಹೊರಕ್ಕೆ ಎಸೆಯಲ್ಪಡುವುದು ಒಳಗೇ ಉಳಿಯುವುದಕ್ಕಿಂತ ಎಷ್ಟೋ ಅಪಾಯಕರವೆಂದು ತೋರಿಸಿಕೊಟ್ಟರು. 1956ರ ಮಾದರಿಯ ಅಮೆರಿಕನ್ ಕಾರುಗಳಲ್ಲಿ ಬಾಗಿಲ ಬೀಗಗಳು ಸುಧಾರಿಸಿದುದಕ್ಕೆ ಈ ಅಧ್ಯಯನವೇ ಪ್ರೇರಣೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ ವಾಹನಗಳ ಬಗ್ಗೆ ರಚಿತವಾದ ಜಾಗತಿಕ ತಾಂತ್ರಿಕ ನಿಯಮಗಳಲ್ಲಿ ಮೊಟ್ಟಮೊದಲನೆಯದು, 2004ರಲ್ಲಿ ಅಂಗೀಕೃತವಾದುದು, ಬಾಗಿಲ ಬೀಗಗಳನ್ನು ಕುರಿತದ್ದು. ಅದರ ಪ್ರಕಾರ ಪೂರ್ಣ ಹಿಡಿತದಲ್ಲಿರುವ ಬೀಗ 11,000 ನ್ಯೂಟನ್ ಬಲವನ್ನು ತಾಳಿಕೊಳ್ಳಬೇಕು. ಅರೆ ಹಿಡಿತಕ್ಕೆ 4,500 ನ್ಯೂಟನ್ ಸಾಕು. ಏಳು ವರ್ಷದ ಮಗು ತಿರುವಿನಲ್ಲಿ ಒತ್ತುವ ಬಲ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಡಿಕ್ಕಿಯ ಮಾತು ಬೇರೆ. ಅರೆ ಹಿಡಿತದ ಬಾಗಿಲಿನೊಡನೆ ಪ್ರಯಾಣ ಮಾಡುವವನು ತನಗೆ ಒದಗಿಸಿದ ರಕ್ಷಣೆಯ ಅರ್ಧಕ್ಕಿಂತಲೂ ಹೆಚ್ಚನ್ನು ಮನೆಯಲ್ಲೇ ಬಿಟ್ಟುಬಂದಂತೆ.

ಇನ್ನು ಮೊದಲನೆಯ ಪ್ರಶ್ನೆ. ಬಾಗಿಲು ಪೂರ್ಣ ಹಿಡಿತಕ್ಕೆ ಏಕೆ ಬರಲಿಲ್ಲ? ತೊಂದರೆ ಕಾಣುವುದು ಬೀಗದ ಬಳಿ. ಆದ್ದರಿಂದ ಕೆಟ್ಟಿರುವುದೂ ಬೀಗವೇ ಎಂದು ಯಾರಾದರೂ ಎಣಿಸಿಯಾರು. ಮಿತ್ರರು ಮೊದಲು ಹೋಗಿದ್ದ ಗ್ಯಾರೇಜಿನವರೂ ಹಾಗೆಯೇ ಎಣಿಸಿ, ಬಳೆಯ ತಿರುಪುಗಳನ್ನು ಸಡಿಲಿಸಿ ಅದನ್ನು ಕೊಂಚ ಕೆಳಕ್ಕೆ ಇಳಿಸಿ ಬಿಗಿದಿದ್ದರು. ಒಂದು ತಿಂಗಳು ಬಾಗಿಲು ಸೊಗಸಾಗಿ ಮುಚ್ಚಿತು. ಆಮೇಲೆ ಮತ್ತೆ ಹಳೆಯ ಕಥೆ. ರೋಗವಿದ್ದುದು ಒಂದು ಮೀಟರ್ ಆಚೆಗೆ, ಬಾಗಿಲಿನ ಇನ್ನೊಂದು ಕೊನೆಯಲ್ಲಿ, ಬಿಜಾಗರಿಗಳಲ್ಲಿ. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ಹಿಂಜುಗಳಲ್ಲಿ.

ಮನೆಯ ಬಾಗಿಲು ಎತ್ತರವಾದುದು. ಅದರ ಮೇಲಿನ ಮತ್ತು ಕೆಳಗಿನ ಬಿಜಾಗರಿಗಳ ನಡುವೆ ಒಂದೂವರೆ ಮೀಟರಿನಷ್ಟು ಅಂತರವಿರುತ್ತದೆ. ಕಾರಿನ ಬಾಗಿಲಿಗೆ ಈ ಅನುಕೂಲವಿಲ್ಲ. ಅದರ ಮೇಲರ್ಧವೆಲ್ಲ ಕಿಟಕಿ. ಬಿಜಾಗರಿಗಳು ಕೆಳಗಿನ ಅರ್ಧದಲ್ಲೇ, ಒಂದರ ಹತ್ತಿರ ಇನ್ನೊಂದು ಕುಳಿತುಕೊಳ್ಳಬೇಕು. ಒಂದು ಲೆಕ್ಕ ಹಾಕಿ ನೋಡೋಣ. ಬಾಗಿಲಿನ ದ್ರವ್ಯರಾಶಿ 25 ಕಿಲೋಗ್ರಾಂ, ಅಗಲ 1 ಮೀಟರ್, ಬಿಜಾಗರಿಗಳ ನಡುವಿನ ಅಂತರ 40 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಬಾಗಿಲಿನ ತೂಕ ಸುಮಾರು 245 ನ್ಯೂಟನ್. ಅದು ಗುರುತ್ವ ಕೇಂದ್ರದಲ್ಲಿ, ಎಂದರೆ ಬಿಜಾಗರಿಯಿಂದ ಅರ್ಧ ಮೀಟರ್ ದೂರದಲ್ಲಿ, ಕೆಳಮುಖವಾಗಿ ವರ್ತಿಸುತ್ತದೆ. ಬಾಗಿಲನ್ನು ಕೆಳಕ್ಕೆ ತೂಗಿಸುವ ಈ ಬಲದ ಭ್ರಾಮಕ 245 × 0.5, ಅಂದರೆ ಸುಮಾರು 122 ನ್ಯೂಟನ್-ಮೀಟರ್. ಇದನ್ನು ಎದುರಿಸುವವರು ಯಾರು? ಮೇಲಿನ ಬಿಜಾಗರಿ ಬಾಗಿಲನ್ನು ಕಂಬದ ಕಡೆಗೆ ಎಳೆಯಬೇಕು. ಕೆಳಗಿನದು ಕಂಬದಿಂದ ಆಚೆಗೆ ನೂಕಬೇಕು. ಈ ಬಲಯುಗ್ಮದ ತೋಳು ಕೇವಲ 0.4 ಮೀಟರ್ ಆದುದರಿಂದ ಒಂದೊಂದು ಬಲವೂ 306 ನ್ಯೂಟನ್ ಆಗಬೇಕಾಗುತ್ತದೆ. ಬಾಗಿಲಿನ ಇಡೀ ತೂಕಕ್ಕಿಂತ ಹೆಚ್ಚಿನ ಬಲದಿಂದ ಮೇಲಿನ ಬಿಜಾಗರಿಯ ಮೊಳೆ ಅಡ್ಡಡ್ಡಲಾಗಿ ಹಿಂಡಿಸಿಕೊಳ್ಳುತ್ತಿದೆಯೆಂದಾಯಿತು. ಅದೂ ಬಾಗಿಲು ತೆರೆದಿರುವ ಪ್ರತಿ ಕ್ಷಣವೂ.

ಇಷ್ಟು ಸಾಲದೆಂಬಂತೆ ನಮ್ಮಲ್ಲಿ ಒಂದು ಅಭ್ಯಾಸವುಂಟು. ಕಾರಿನಿಂದ ಇಳಿಯುವಾಗ, ಮಂಡಿನೋವಿನ ಹಿರಿಯರಂತೂ ಸರಿಯೇ, ಎಳೆಯರೂ ಸಹ ತೆರೆದ ಬಾಗಿಲಿನ ಅಂಚನ್ನು ಊರುಗೋಲಿನಂತೆ ಹಿಡಿದು ಏಳುತ್ತಾರೆ. ಅಂಚಿನ ಮೇಲೆ 20 ಕಿಲೋಗ್ರಾಂ ತೂಕ ಊರಿದರೂ ಬಿಜಾಗರಿಯ ಮೇಲೆ ಹೆಚ್ಚುವರಿಯಾಗಿ 490 ನ್ಯೂಟನ್ ಬೀಳುತ್ತದೆ. ಒಟ್ಟು ಬಲ 800 ನ್ಯೂಟನ್ನಿಗೆ ಮುಟ್ಟುತ್ತದೆ. ದಿನಕ್ಕೆ ನಾಲ್ಕು ಸಲ, ವರ್ಷಕ್ಕೆ ಸಾವಿರಕ್ಕೂ ಮಿಕ್ಕಿ ಹೀಗೆ ನಡೆಯುತ್ತಿದ್ದರೆ ಮೊಳೆಯೂ, ಅದರ ಸುತ್ತಲಿನ ಹಿತ್ತಾಳೆಯ ಬುಷ್ಷೂ ಸವೆಯದೆ ಏನು ಮಾಡಿಯಾವು?

ಸವೆತ ಎಷ್ಟಾದೀತು? ಒಂದು ಮಿಲಿಮೀಟರ್ ಎನ್ನೋಣ. ಕಣ್ಣಿಗೆ ಬೀಳುವ ಸಂಗತಿಯೇ ಅಲ್ಲ. ಆದರೆ ಮೇಲಿನ ಬಿಜಾಗರಿ 1 ಮಿಲಿಮೀಟರ್ ಸರಿದರೆ, ಕೆಳಗಿನದನ್ನು ಆಧಾರ ಬಿಂದುವಾಗಿ ಮಾಡಿಕೊಂಡು ಬಾಗಿಲು ಒಟ್ಟಾಗಿ 400ರಲ್ಲಿ 1 ಪಾಲು ರೇಡಿಯನ್ ತಿರುಗುತ್ತದೆ. ಬೀಗ ಇರುವುದು 1,000 ಮಿಲಿಮೀಟರ್ ದೂರದಲ್ಲಿ. ಅಲ್ಲಿ ಬಾಗಿಲು 2.5 ಮಿಲಿಮೀಟರ್ ಕೆಳಗಿಳಿದಿರುತ್ತದೆ. ಸನ್ನೆಗೋಲು ಬಲವನ್ನು ಹಿಗ್ಗಿಸುತ್ತದೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದು ದೋಷವನ್ನೂ ಹಿಗ್ಗಿಸುತ್ತದೆ. ಇಳಿದ ಕವೆಯ ಬಾಯಿ ಈಗ ಬಳೆಗೆ ನೇರವಾಗಿ ಎದುರಾಗುವುದಿಲ್ಲ. ಕವೆಯಿರುವ ಸೀಳಿನ ಮೇಲಂಚು ಬಳೆಗೆ ಉಜ್ಜಿ, ಬಾಗಿಲು ಆ ಕಂಬಿಯನ್ನು ಏರಿಕೊಂಡು ಒಳಹೋಗಬೇಕಾಗುತ್ತದೆ. ಮುಚ್ಚುವಾಗ ನಾವು ಕೊಟ್ಟ ಚಲನಶಕ್ತಿಯೆಲ್ಲ ಈ ಏರುವಿಕೆಯಲ್ಲೂ ಘರ್ಷಣೆಯಲ್ಲೂ ಮುಗಿದುಹೋಗಿ, ಕವೆ ಮೊದಲ ಹಲ್ಲಿನಲ್ಲೇ ನಿಲ್ಲುತ್ತದೆ.

ಆಗ ಮನುಷ್ಯ ಮಾಡುವುದೇನು? ಜೋರಾಗಿ ಬಡಿಯುತ್ತಾನೆ. ಮೇಲಿನ ಬಾಗಿಲನ್ನೇ ಅಂಚಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಿಂದ ತಳ್ಳಿದರೆ ಅದರ ಚಲನಶಕ್ತಿ ಸುಮಾರು 4 ಜೂಲ್. ವೇಗವನ್ನು ಇಮ್ಮಡಿಸಿದರೆ ಶಕ್ತಿ ನಾಲ್ಮಡಿಯಾಗಿ 16 ಜೂಲ್ ದಾಟುತ್ತದೆ. ಈ ಹೆಚ್ಚಿನ ಶಕ್ತಿ ಬಾಗಿಲನ್ನು ಒಮ್ಮೊಮ್ಮೆ ಮುಚ್ಚುವುದೂ ಉಂಟು. ಆದರೆ ಪ್ರತಿ ಬಡಿತವೂ ಸವೆದ ಮೊಳೆಯನ್ನು ಇನ್ನಷ್ಟು ಸವೆಸುತ್ತದೆ. ಬಾಗಿಲು ಇನ್ನಷ್ಟು ಇಳಿಯುತ್ತದೆ. ಮತ್ತಷ್ಟು ಜೋರಾಗಿ ಬಡಿಯಬೇಕಾಗುತ್ತದೆ.

ತೀರ್ಥಹಳ್ಳಿಯಲ್ಲಿ ನಮಗೆ ಸಿಕ್ಕ ಮೇಸ್ತ್ರಿ ಈ ಲೆಕ್ಕವನ್ನು ಯಾವ ಪುಸ್ತಕದಲ್ಲೂ ಓದಿದವನಲ್ಲ. ಅವನು ಬೀಗದ ಕಡೆ ಕಣ್ಣೆತ್ತಿಯೂ ನೋಡದೆ, ಬಾಗಿಲನ್ನು ಅರ್ಧ ತೆರೆದು, ಅದರ ಹೊರ ಅಂಚಿನ ಕೆಳಗೆ ಎರಡೂ ಕೈ ಕೊಟ್ಟು ಮೆಲ್ಲನೆ ಮೇಲಕ್ಕೆತ್ತಿದ. ಕಾರಿನ ಒಡಲು ಕದಲುವ ಮೊದಲೇ ಬಾಗಿಲು ‘ಕಟ್’ ಎಂದು ಒಂದಿಷ್ಟು ಮೇಲಕ್ಕೆ ಬಂದಿತು. "ಹಿಂಜು ಹೋಗಿದೆ ಸಾರ್. ಲಾಕು ಗಟ್ಟಿಯಾಗಿದೆ" ಎಂದ. ಇಡೀ ರೋಗನಿದಾನಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಎತ್ತಿದಾಗ ಬಾಗಿಲು ಆಡಿದರೆ ಮೊಳೆ ಅಥವಾ ಬುಷ್ಷು ಸವೆದಿದೆ. ಆಡದೆ ಕಾರೇ ಮೇಲೇಳತೊಡಗಿದರೆ ಬಿಜಾಗರಿ ಗಟ್ಟಿಯಾಗಿದೆ, ದೋಷವನ್ನು ಬೇರೆಡೆ ಹುಡುಕಬೇಕು.

ಬಾಗಿಲನ್ನು ಮುಚ್ಚಿ ಸುತ್ತಲಿನ ಸಂದುಗಳನ್ನು ನೋಡಿಯೂ ಇದನ್ನು ತಿಳಿಯಬಹುದು. ಇಳಿದ ಬಾಗಿಲಿನಲ್ಲಿ ಬೀಗದ ಕಡೆಯ ಸಂದು ಮೇಲೆ ಕಿರಿದಾಗಿಯೂ ಕೆಳಗೆ ಅಗಲವಾಗಿಯೂ ಇರುತ್ತದೆ. ಬಿಜಾಗರಿಯ ಕಡೆ ಇದಕ್ಕೆ ತಿರುಗುಮುರುಗು. ಏಕೆಂಬುದನ್ನು ವಿದ್ಯಾರ್ಥಿಗಳು ಒಂದು ಆಯತವನ್ನು ಬರೆದು, ಅದರ ಬಿಜಾಗರಿ ಅಂಚಿನ ಕೆಳಮೂಲೆಯನ್ನು ಸ್ಥಿರವಾಗಿಟ್ಟು ಕೊಂಚ ತಿರುಗಿಸಿ ತಾವೇ ಕಂಡುಕೊಳ್ಳಬಹುದು.

ದುರಸ್ತಿಯ ಕ್ರಮವೂ ಇದರಿಂದಲೇ ಹೊರಡುತ್ತದೆ. ಮೊದಲು ಬಿಜಾಗರಿ, ಆಮೇಲೆ ಬಳೆ. ಇದನ್ನು ತಲೆಕೆಳಗು ಮಾಡಿದರೆ ಕೆಟ್ಟದಕ್ಕೆ ಸರಿಯಾದುದನ್ನು ಹೊಂದಿಸಿದಂತಾಗುತ್ತದೆ. ಮೇಸ್ತ್ರಿ ಬಾಗಿಲಿನ ಕೆಳಗೆ ಜಾಕನ್ನಿಟ್ಟು, ಬಣ್ಣ ಕೆಡದಂತೆ ನಡುವೆ ಮರದ ಹಲಗೆಯೊಂದನ್ನು ಕೊಟ್ಟು, ಭಾರವನ್ನೆಲ್ಲ ಅದರ ಮೇಲೆ ಹೊರಿಸಿದ. ಸೀಮೆಸುಣ್ಣದಿಂದ ಬಿಜಾಗರಿಯ ಸುತ್ತ ಗೆರೆಯೆಳೆದುಕೊಂಡ; ಬಿಚ್ಚಿದ ಮೇಲೆ ಮೊದಲಿನ ಸ್ಥಾನ ಯಾವುದೆಂದು ತಿಳಿಯಲು ಬೇರೆ ಉಪಾಯವಿಲ್ಲ. ಮೇಲಿನ ಮೊಳೆಯನ್ನೂ ಬುಷ್ಷನ್ನೂ ತೆಗೆದು ಹೊಸದನ್ನು ಹಾಕಿದ. ತೆಗೆದ ಮೊಳೆಯ ಒಂದು ಪಕ್ಕ ಚಪ್ಪಟೆಯಾಗಿತ್ತು. ಇನ್ನೊಂದು ಪಕ್ಕದಲ್ಲಿ ಕಾರ್ಖಾನೆಯ ಹೊಳಪು ಇನ್ನೂ ಇದ್ದಿತು. ನಮ್ಮ 306 ನ್ಯೂಟನ್ ಯಾವ ದಿಕ್ಕಿನಲ್ಲಿ ವರ್ತಿಸುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೊನೆಗೆ ಬಳೆಯನ್ನು ಅದರ ಹಳೆಯ ಸ್ಥಾನಕ್ಕೆ ಏರಿಸಿದ. ಆ ಸ್ಥಾನ ಎಲ್ಲಿತ್ತೆಂದು ಕಂಬದ ಬಣ್ಣದ ಮೇಲೆ ಉಳಿದಿದ್ದ ಅಚ್ಚೇ ತೋರಿಸುತ್ತಿತ್ತು. ಬಾಗಿಲನ್ನು ಎರಡು ಬೆರಳಿನಿಂದ ತಳ್ಳಿದ. ‘ಟಕ್, ಟಕ್’ ಎಂದಿತು. ಕೆಂಪು ದೀಪ ಆರಿತು. ಮಿತ್ರರು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಬಿಜಾಗರಿ ಗಟ್ಟಿಯಾಗಿದ್ದೂ ಬಾಗಿಲು ಮುಚ್ಚದಿರುವ ಸಂದರ್ಭಗಳಿವೆ. ಅವುಗಳಲ್ಲಿ ಒಂದು ಬಹಳ ವಿನೋದದ್ದು. ಬಾಗಿಲು ತೆರೆದಿರುವಾಗ ಮಕ್ಕಳು ಕುತೂಹಲದಿಂದ ಕವೆಯೊಳಕ್ಕೆ ಬೆರಳನ್ನೋ ಕಡ್ಡಿಯನ್ನೋ ತೂರಿಸಿ ತಿರುಗಿಸುತ್ತಾರೆ. ಬೀಗ ತಾನು ಮುಚ್ಚಿದೆನೆಂದು ನಂಬಿ ಹಿಡಿತಕ್ಕೆ ಬಂದುಬಿಡುತ್ತದೆ. ಈಗ ಬಾಗಿಲನ್ನು ತಳ್ಳಿದರೆ ಮುಚ್ಚಿದ ಕವೆ ಬಳೆಗೆ ಡಿಕ್ಕಿ ಹೊಡೆದು ‘ಠಣ್’ ಎಂದು ಹಿಂದಕ್ಕೆ ಪುಟಿಯುತ್ತದೆ. ಹತ್ತು ಸಲ ಬಡಿದರೂ ಮುಚ್ಚದು. ಬಳೆ ಬಾಗೀತು, ಅಷ್ಟೆ. ಹೊರಗಿನ ಹಿಡಿಯನ್ನು ಎಳೆದು ಹಿಡಿದು ಕವೆಯನ್ನು ಬೆರಳಿನಿಂದ ಬಿಡಿಸಿದರೆ ಒಂದು ಕ್ಷಣದಲ್ಲಿ ಸರಿಹೋಗುತ್ತದೆ.

ಇನ್ನೊಂದು ಕಾರಣ ಗಾಳಿ. ಕಿಟಕಿಗಳನ್ನೆಲ್ಲ ಏರಿಸಿದ ಕಾರಿನ ಕೊನೆಯ ಬಾಗಿಲು ಮುಚ್ಚಲು ಕಷ್ಟವಾಗುವುದನ್ನು ಎಲ್ಲರೂ ಗಮನಿಸಿರಬಹುದು. ಒಳಗಿನ ಗಾಳಿ 3 ಘನ ಮೀಟರ್, ಬಾಗಿಲಿನ ವಿಸ್ತೀರ್ಣ 1 ಚದರ ಮೀಟರ್ ಎಂದಿಟ್ಟುಕೊಂಡರೆ, ಅಂಚು ಕೊನೆಯ 10 ಸೆಂಟಿಮೀಟರ್ ಚಲಿಸುವಾಗ ಬಾಗಿಲು 0.05 ಘನ ಮೀಟರಿನಷ್ಟು ಗಾಳಿಯನ್ನು ಒಳಕ್ಕೆ ನೂಕುತ್ತದೆ. ಅದು ಎಲ್ಲಿಂದಲೂ ಸೋರದೆ ಹೋದರೆ, ಬಾಯ್ಲನ ನಿಯಮದಂತೆ ಒತ್ತಡ ಸುಮಾರು 60ರಲ್ಲಿ 1 ಪಾಲು ಹೆಚ್ಚುತ್ತದೆ. ಅಲ್ಪವೆಂದು ಕಾಣುತ್ತದೆಯೆ? ವಾಯುಮಂಡಲದ ಒತ್ತಡದ 60ನೆಯ ಒಂದು ಪಾಲು 1 ಚದರ ಮೀಟರ್ ಬಾಗಿಲಿನ ಮೇಲೆ 1,600 ನ್ಯೂಟನ್ನಿಗೂ ಮಿಕ್ಕಿದ ಬಲ! ವಾಸ್ತವವಾಗಿ ಗಾಳಿ ಬಹುಮಟ್ಟಿಗೆ ಸೋರಿಹೋಗುತ್ತದೆ. ಸೋರಲೆಂದೇ ಕಾರಿನ ಹಿಂಭಾಗದಲ್ಲಿ ತೆಳು ರಬ್ಬರಿನ ರೆಪ್ಪೆಗಳುಳ್ಳ ಗವಾಕ್ಷಗಳನ್ನು ಇಟ್ಟಿರುತ್ತಾರೆ. ಅವು ಕಸದಿಂದ ಮುಚ್ಚಿಹೋದರೆ ಬಾಗಿಲುಗಳೆಲ್ಲ ಒಟ್ಟಿಗೇ ಮೊಂಡಾಗುತ್ತವೆ. ಒಂದು ಕಿಟಕಿಯನ್ನು ಇಳಿಸಿ ಮುಚ್ಚಿ ನೋಡಿದರೆ ಗಾಳಿಯ ತಪ್ಪೋ ಅಲ್ಲವೋ ತಿಳಿಯುತ್ತದೆ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗನ್ನು ಹೊಸದಾಗಿ ಹಾಕಿಸಿದಾಗಲೂ ಕೆಲವು ದಿನ ಬಿಗಿಯಾಗುವುದು ಸಹಜ. ಅದಕ್ಕಾಗಿ ಬಳೆಯನ್ನು ಮುಟ್ಟಬಾರದು.

ಮಲೆನಾಡಿನವರೂ ಕರಾವಳಿಯವರೂ ಒಂದು ಮಾತನ್ನು ವಿಶೇಷವಾಗಿ ಲಕ್ಷಿಸಬೇಕು. ಕಿಟಕಿಯ ಗಾಜಿನ ಮೇಲೆ ಇಳಿಯುವ ಮಳೆನೀರಿನ ಒಂದಂಶ ಬಾಗಿಲಿನ ಟೊಳ್ಳಿನೊಳಕ್ಕೆ ಹೋಗುತ್ತದೆ. ಅದು ಹರಿದುಹೋಗಲು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿವೆ. ಎಲೆಯ ಚೂರು, ಕೆಸರು ಸೇರಿ ಇವು ಮುಚ್ಚಿದರೆ ನೀರು ಒಳಗೇ ನಿಂತು ತಗಡನ್ನೂ ಬೀಗವನ್ನೂ ತುಕ್ಕು ಹಿಡಿಸುತ್ತದೆ. ಬಾಗಿಲನ್ನು ಆಡಿಸಿದಾಗ ಕೊಡ ತುಳುಕಿದಂತೆ ಸದ್ದಾದರೆ ಕಡ್ಡಿಯೊಂದನ್ನು ತೆಗೆದುಕೊಂಡು ಆ ತೂತುಗಳನ್ನು ಬಿಡಿಸಬೇಕು.

ತೆರೆಯದ ಬಾಗಿಲಿನ ತರ್ಕ ಇದಕ್ಕಿಂತ ಸರಳ. ಹೊರಗಿನ ಹಿಡಿಯಿಂದ ತೆರೆಯುತ್ತದೆ, ಒಳಗಿನಿಂದ ತೆರೆಯದು ಎಂದಾದರೆ ಬೀಗ ಚೆನ್ನಾಗಿದೆ. ಒಳಹಿಡಿಗೂ ಬೀಗಕ್ಕೂ ನಡುವಿನ ತಂತಿ ಕಡಿದಿರಬೇಕು. ಹಿಂಬಾಗಿಲಾದರೆ, ಅದಕ್ಕೂ ಮೊದಲು ಬಾಗಿಲಂಚಿನಲ್ಲಿರುವ ಮಕ್ಕಳ ಬೀಗವನ್ನು ನೋಡಬೇಕು. ಆ ಪುಟ್ಟ ಗುಂಡಿ ಅಕಸ್ಮಾತ್ತಾಗಿ ಸರಿದಿರುವುದು ತಿಳಿಯದೆ ಬಾಗಿಲಿನ ಒಳಹೊದಿಕೆಯನ್ನೆಲ್ಲ ಕಿತ್ತುಹಾಕಿದವರನ್ನು ನಾನು ಬಲ್ಲೆ. ಒಳಗಿನಿಂದ ತೆರೆದು ಹೊರಗಿನಿಂದ ತೆರೆಯದಿದ್ದರೆ ಹೊರಹಿಡಿಯ ಸರಳು ಕಳಚಿದೆ. ಎರಡರಿಂದಲೂ ತೆರೆಯದಿದ್ದರೆ ಸಂಶಯ ಬೀಗದ ಮೇಲೆಯೇ. ಆಗ ಒಬ್ಬರು ಬಾಗಿಲನ್ನು ಹೊರಗಿನಿಂದ ಒಳಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಹಿಡಿಯನ್ನು ಎಳೆಯಲಿ. ತೆರೆಯಬೇಕಾದ ಬಾಗಿಲನ್ನು ಒಳಕ್ಕೆ ಒತ್ತುವುದೆ ಎಂದು ನಗಬೇಡಿ. ರಬ್ಬರಿನ ಬೀಡಿಂಗು ಬಾಗಿಲನ್ನು ಸದಾ ಹೊರಕ್ಕೆ ದೂಡುತ್ತಿರುತ್ತದೆ. ಆ ಬಲವೆಲ್ಲ ಕವೆಯ ಮೂಲಕ ತಡೆಹಲ್ಲಿನ ಮೇಲೆ ಬೀಳುತ್ತದೆ. ಘರ್ಷಣೆ ಲಂಬ ಒತ್ತುಬಲಕ್ಕೆ ಅನುಪಾತದಲ್ಲಿರುತ್ತದಷ್ಟೆ. ಒಳಕ್ಕೆ ಒತ್ತಿದಾಗ ಆ ಬಲ ಇಳಿದು, ತುಕ್ಕುಹಿಡಿದ ತಡೆಹಲ್ಲು ಕೂಡ ಜಾರಿ ಬರುತ್ತದೆ. ಹೀಗೆ ತೆರೆದ ಬೀಗವನ್ನು ತೊಳೆದು ಗ್ರೀಸ್ ಹಾಕದೆ ಮತ್ತೆ ಮುಚ್ಚಬಾರದು. ಈಚಿನ ಕಾರುಗಳ ಬಾಗಿಲೊಳಗೆ ವಿದ್ಯುತ್ ತಂತಿಗಳೂ, ಕೆಲವದರಲ್ಲಿ ಗಾಳಿಚೀಲವನ್ನು ಪ್ರಚೋದಿಸುವ ಸಂವೇದಕಗಳೂ ಇರುವುದರಿಂದ, ಒಳಹೊದಿಕೆಯನ್ನು ಬಿಚ್ಚುವ ಕೆಲಸವನ್ನು ಬಲ್ಲವರಿಗೇ ಬಿಡುವುದು ಲೇಸು.

ಯಾವ ದೋಷವೂ ಇಲ್ಲದ ಬಾಗಿಲು ತೆರೆಯದೆ ಹೋಗುವ ಒಂದು ಸಂದರ್ಭವುಂಟು. ಕಾರು ಕೆರೆಗೋ ನಾಲೆಗೋ ಉರುಳಿದಾಗ. ಹೊರಗೆ ಬಾಗಿಲಿನ ಒಂದು ಮೀಟರ್ ಎತ್ತರದವರೆಗೂ ನೀರು, ಒಳಗೆ ಗಾಳಿ ಎಂದರೆ, ಸರಾಸರಿ ಒತ್ತಡ 4,900 ಪಾಸ್ಕಲ್. 1 ಚದರ ಮೀಟರಿನ ಮೇಲೆ 4,900 ನ್ಯೂಟನ್. ಬಾಗಿಲ ಅಂಚನ್ನು ಹಿಡಿದು ತಳ್ಳುವವನಿಗೆ ಸನ್ನೆಯ ಅನುಕೂಲದಿಂದ ಇದರ ಅರ್ಧ ಸಾಕಾದರೂ, ಅದು 250 ಕಿಲೋಗ್ರಾಂ ತೂಕವನ್ನು ಎತ್ತಿದಂತೆ. ಭುಜಬಲದಿಂದ ಆಗುವ ಕೆಲಸವಲ್ಲ. ನೀರು ಒಳತುಂಬಿ ಒತ್ತಡ ಸಮವಾದ ಮೇಲೆ ಬಾಗಿಲು ತೆರೆದೀತು. ಆದರೆ ಅಷ್ಟರವರೆಗೆ ಕಾಯುವುದು ಪ್ರಾಣಕ್ಕೆ ಸಂಚಕಾರ. ಕಾರು ಇನ್ನೂ ತೇಲುತ್ತಿರುವ ಮೊದಲ ಕ್ಷಣಗಳಲ್ಲಿ ಕಿಟಕಿ ನೀರಿನ ಮೇಲೆಯೇ ಇರುತ್ತದೆ; ಗಾಜು ಅಡ್ಡಕ್ಕಲ್ಲ, ಕೆಳಕ್ಕೆ ಸರಿಯುವಂಥದು; ನೀರಿನ ಒತ್ತಡ ಅದನ್ನು ಇನ್ನೂ ಬಿಗಿಹಿಡಿದಿರುವುದಿಲ್ಲ. ಆದುದರಿಂದ ಪಟ್ಟಿ ಬಿಚ್ಚಿ ಮೊದಲು ಕಿಟಕಿಯನ್ನು ಇಳಿಸಬೇಕು, ಅದರ ಮೂಲಕ ಮಕ್ಕಳನ್ನು ಮೊದಲು ಹೊರಕ್ಕೆ ಕಳುಹಿಸಬೇಕು. ಗಾಜು ಇಳಿಯದಿದ್ದರೆ ಚೂಪಾದ ಉಕ್ಕಿನ ಮೊನೆಯಿಂದ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು. ಮುಂದಿನ ದೊಡ್ಡ ಗಾಜಿಗೆ ಹೊಡೆದು ಫಲವಿಲ್ಲ. ಅದು ನಡುವೆ ಪ್ಲಾಸ್ಟಿಕ್ ಪದರವುಳ್ಳ ಜೋಡಿ ಗಾಜು. ಬಿರುಕು ಬಿಟ್ಟರೂ ಕಳಚಿ ಬೀಳುವುದಿಲ್ಲ.